ಕೂಸಿನ ಗೋಣು

ಕನ್ನಡದಲ್ಲಿ ಕೊರಳಿಗಿರುವ ಹೆಸರುಗಳು ಒಂದೆರಡಲ್ಲ. ಕತ್ತು, ಕುತ್ತಿಗೆ, ಕೊರಳು, ಕಂಠ ಎಲ್ಲವೂ ಇವೆ. ಆದರೂ ನಮ್ಮ ಕಲಬುರಗಿ ಸೀಮೆಯ ಹಳ್ಳಿಗಳಲ್ಲಿ ನಾಲಗೆಯ ಮೇಲೆ ಮೊದಲು ಬರುವ ಮಾತು ‘ಗೋಣು’. ಒಪ್ಪಿದವನು ಗೋಣು ಹಾಕುತ್ತಾನೆ. ಹೇಳಿದ್ದಕ್ಕೆಲ್ಲ ಗೋಣಾಡಿಸುವವನನ್ನು ಕೋಲೆಬಸವ ಎಂದು ನಗುತ್ತೇವೆ. ಜಾತ್ರೆಯಲ್ಲಿ ಎತ್ತು ಕೊಳ್ಳಹೋದ ರೈತ ಮೊದಲು ಅದರ ಹಲ್ಲು ನೋಡುತ್ತಾನೆ, ಆಮೇಲೆ ನೊಗ ಹೊತ್ತ ಗೋಣಿನ ಮೇಲೆ ಕೈಯಾಡಿಸಿ ದಡ್ಡು ಎಷ್ಟು, ನೋವು ಎಲ್ಲಿ ಎಂದು ಪರೀಕ್ಷಿಸುತ್ತಾನೆ. ಅದೇ ರೈತನ ಮನೆಯ ತೊಟ್ಟಿಲಲ್ಲಿ ಮಲಗಿರುವ ಕೂಸಿನ ಗೋಣಿನ ಮೇಲೆ ಅಷ್ಟೇ ಲಕ್ಷ್ಯದಿಂದ ಕೈಯಾಡಿಸಿ ನೋಡುವುದು ಮಾತ್ರ ಅಪರೂಪ. ಇವತ್ತಿನ ಮಾತು ಆ ಕೂಸಿನ ಗೋಣನ್ನು ಕುರಿತದ್ದು.

ಕೆಲವು ಕೂಸುಗಳು ಹುಟ್ಟಿದ ಎರಡು ಮೂರು ವಾರಗಳಿಂದಲೇ ತಲೆಯನ್ನು ಸದಾ ಒಂದೇ ಹೆಗಲಿನತ್ತ ವಾಲಿಸಿಕೊಂಡು, ಗದ್ದವನ್ನು ಎದುರು ಪಕ್ಕಕ್ಕೆ ತಿರುಗಿಸಿಕೊಂಡು ಮಲಗುತ್ತವೆ. ಈ ಸ್ಥಿತಿಗೆ ವೈದ್ಯರು ಕೊಟ್ಟ ಹೆಸರು ಟಾರ್ಟಿಕೊಲಿಸ್. ತಿರುಚಿದ್ದು ಎಂಬ ಒಂದು ಲ್ಯಾಟಿನ್ ಮಾತು, ಕೊರಳು ಎಂಬ ಇನ್ನೊಂದು ಮಾತು ಕೂಡಿ ಆದ ಪದ ಇದು. ನಮ್ಮವರು ವಾರೆಗೋಣು ಎಂದರೂ ಸಾಕು, ಅರ್ಥ ಅಷ್ಟೇ ಸ್ಪಷ್ಟ. ಅಲೆಗ್ಜಾಂಡರನ ಕೊರಳು ಎಡಕ್ಕೆ ತುಸು ವಾಲಿತ್ತೆಂದು ಪ್ಲೂಟಾರ್ಕ್ ಬರೆದಿದ್ದಾನೆ. ಅದು ವಾರೆಗೋಣೇ ಇದ್ದೀತೆಂದು ಊಹಿಸಿದ ವೈದ್ಯರೂ ಉಂಟು. ನಮ್ಮ ಶಿಲ್ಪಿಗಳಂತೂ ತ್ರಿಭಂಗಿಯಲ್ಲಿ ಕೊರಳ ಕೊಂಕನ್ನು ಚೆಲುವಿನ ಲಕ್ಷಣವಾಗಿಯೇ ಕಂಡರು. ಆದರೆ ಕಲ್ಲಿನ ಕೃಷ್ಣನಿಗೆ ಒಪ್ಪುವ ಕೊಂಕು ಮೂರು ತಿಂಗಳ ಕೂಸಿಗೆ ಒಪ್ಪುವುದಿಲ್ಲ. ಆಯುರ್ವೇದದ ಗ್ರಂಥಗಳಲ್ಲಿ ಬರುವ ಮನ್ಯಾಸ್ತಂಭವೂ ಇದಲ್ಲ. ಅದು ಹಗಲುನಿದ್ದೆ, ಸರಿಯಲ್ಲದ ಭಂಗಿ ಮುಂತಾದವುಗಳಿಂದ ದೊಡ್ಡವರ ಕೊರಳು ಹಿಡಿದುಕೊಳ್ಳುವ ವಾತರೋಗ. ಕೂಸಿನದು ಬೇರೆಯ ಕಥೆ.

ಆ ಕಥೆ ತಿಳಿಯಬೇಕಾದರೆ ಕೇಳುಗರು ತಮ್ಮ ಕೊರಳನ್ನೇ ಒಮ್ಮೆ ಮುಟ್ಟಿ ನೋಡಿಕೊಳ್ಳಬೇಕು. ಮುಖವನ್ನು ಬಲಕ್ಕೆ ತಿರುಗಿಸಿ. ಎಡಗಡೆಯಲ್ಲಿ ಕಿವಿಯ ಹಿಂದಿನ ಎಲುಬಿನ ಗುಬುಟಿನಿಂದ ಹೊರಟು ಎದೆಯ ನಡುವಿನ ಎಲುಬಿಗೂ ಕೊರಳೆಲುಬಿಗೂ ಬಂದು ಸೇರುವ ಒಂದು ಹುರಿ ಬಿಗಿದು ನಿಲ್ಲುತ್ತದೆ. ಇದರ ಶಾಸ್ತ್ರೀಯ ಹೆಸರು ಸ್ಟರ್ನೊಕ್ಲೈಡೊಮಾಸ್ಟಾಯ್ಡ್. ಹೆಸರು ಬಾಯಿಗೆ ಹತ್ತದಿದ್ದರೂ ಚಿಂತೆಯಿಲ್ಲ, ಕೆಲಸ ತಿಳಿದರೆ ಸಾಕು. ಎಡಗಡೆಯ ಸ್ನಾಯು ಕುಗ್ಗಿದಾಗ ತಲೆ ಎಡಹೆಗಲಿನತ್ತ ವಾಲುತ್ತದೆ, ಗದ್ದ ಮಾತ್ರ ಬಲಕ್ಕೆ ತಿರುಗುತ್ತದೆ. ಒಂದೇ ಸ್ನಾಯು ಒಂದೇ ಹೊತ್ತಿಗೆ ಎರಡು ದಿಕ್ಕಿನ ಕೆಲಸ ಮಾಡುತ್ತದೆ ಎಂಬುದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಹೇಳುವ ಉಪಚಾರವೆಲ್ಲ ಇದರ ಮೇಲೆಯೇ ನಿಂತಿದೆ. ಈ ಹುರಿ ಒಂದು ಪಕ್ಕದಲ್ಲಿ ಗಿಡ್ಡವೂ ಬಿಗಿಯೂ ಆಗಿ ಉಳಿದರೆ ಅದೇ ವಾರೆಗೋಣು.

ಗಿಡ್ಡವಾಗುವುದೇಕೆ? ಗರ್ಭದ ಇಕ್ಕಟ್ಟಿನಲ್ಲಿ ಕೊರಳು ಬಹುದಿನ ಒಂದೇ ಭಂಗಿಯಲ್ಲಿ ಮಡಚಿ ಉಳಿದು, ಆ ಸ್ನಾಯುವಿಗೆ ರಕ್ತಸಂಚಾರ ಕಡಿಮೆಯಾಗಿ, ಅದರ ಕೆಲವು ಎಳೆಗಳು ನಾರಿನಂತೆ ಗಡುಸಾಗುತ್ತವೆ ಎಂಬುದು ಇಂದು ಹೆಚ್ಚಿನ ವೈದ್ಯರು ಒಪ್ಪುವ ವಿವರಣೆ. ಚೊಚ್ಚಲ ಹೆರಿಗೆ, ಕುಂಡಿ ಮುಂದಾಗಿ ಬರುವ ಕೂಸು, ಇಕ್ಕಳ ಹಾಕಿ ತೆಗೆಯಬೇಕಾದ ಕಷ್ಟದ ಹೆರಿಗೆ, ಇಂಥಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಹಳೆಯ ಎಣಿಕೆಗಳಲ್ಲಿ ಸಾವಿರ ಕೂಸುಗಳಿಗೆ 3ರಿಂದ 20ರವರೆಗೆ ಸಂಖ್ಯೆ ಸಿಗುತ್ತದೆ. ಕೆಲವು ಕೂಸುಗಳಲ್ಲಿ ಎರಡು ಮೂರನೆಯ ವಾರದ ಹೊತ್ತಿಗೆ ಆ ಹುರಿಯ ನಡುವೆ ಗೋಲಿಯಂಥದೊಂದು ಗಂಟು ಕೈಗೆ ಸಿಗುತ್ತದೆ. ಗಂಟು ಎಂಬ ಮಾತು ಕೇಳಿದೊಡನೆ ಮನೆಯವರ ಎದೆ ಒಡೆಯುತ್ತದೆ. ಇದು ಅರ್ಬುದವಲ್ಲ. ಬಹುತೇಕ ಕೆಲವು ತಿಂಗಳಲ್ಲಿ ತಾನಾಗಿಯೇ ಕರಗುತ್ತದೆ. ಅದನ್ನು ತಿಕ್ಕಿ ತಿಕ್ಕಿ ಕರಗಿಸಬೇಕಾದ್ದೂ ಇಲ್ಲ, ಅದರ ಮೇಲೆ ಕಾಸಿದ ಕಬ್ಬಿಣದ ಬರೆಯಂತೂ ಎಂದಿಗೂ ಕೂಡದು.

ಇನ್ನೊಂದು ಮಾತು. ಗ್ರಹಣದಲ್ಲಿ ಬಸುರಿ ಹೊರಗೆ ಬಂದಳು, ಹಸಿಬಾಣಂತಿ ಒಂದೇ ಮಗ್ಗುಲಿಗೆ ಮಲಗಿದಳು ಎಂದು ತಾಯಿಯ ಮೇಲೆ ತಪ್ಪು ಹೊರಿಸುವ ಬಾಯಿಗಳು ಎಲ್ಲ ಓಣಿಗಳಲ್ಲೂ ಇವೆ. ಕೂಸಿನ ಕೊರಳಿಗೂ ಇವಕ್ಕೂ ಸಂಬಂಧವಿಲ್ಲ. ಆ ತಾಯಿಗೆ ಈಗ ಬೇಕಾದದ್ದು ಎರಡು ಕೈಗಳಲ್ಲಿ ಧೈರ್ಯ. ಅಪವಾದ ಹೊತ್ತ ಕೈ ನಡುಗುತ್ತದೆ.

ಈಗ ಕಾಲದ ಲೆಕ್ಕಕ್ಕೆ ಬರೋಣ. ಅಮೆರಿಕದ ಮಕ್ಕಳ ಫಿಜಿಯೋಥೆರಪಿ ತಜ್ಞರ ಸಂಘವು 2013ರಲ್ಲಿ ಪ್ರಕಟಿಸಿ 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ಒಂದು ಅಂಶ ಕಣ್ಣಿಗೆ ಹೊಡೆಯುವಂತಿದೆ. ಒಂದು ತಿಂಗಳು ತುಂಬುವ ಮೊದಲೇ ಉಪಚಾರ ಆರಂಭವಾದರೆ ನೂರರಲ್ಲಿ 98 ಕೂಸುಗಳ ಕೊರಳು ಸುಮಾರು ಒಂದೂವರೆ ತಿಂಗಳಲ್ಲಿ ಸರಿಹೋಗುತ್ತದೆ. ಒಂದು ತಿಂಗಳು ದಾಟಿದರೆ ಆರು ತಿಂಗಳಷ್ಟು ಹಿಡಿಯಬಹುದು. ಆರು ತಿಂಗಳು ದಾಟಿದ ಮೇಲೆ ಆರಂಭಿಸಿದರೆ ಒಂಬತ್ತು ಹತ್ತು ತಿಂಗಳ ಶ್ರಮ ಬೇಕು, ಪೂರ್ತಿ ಸರಿಹೋಗುವವರ ಸಂಖ್ಯೆಯೂ ಇಳಿಯುತ್ತದೆ. ಹಾಂಗ್‌ಕಾಂಗಿನ ವೈದ್ಯರು 821 ಕೂಸುಗಳನ್ನು ಕ್ರಮವಾಗಿ ಗಮನಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವೂ ಕೈಯಿಂದ ಹಿಗ್ಗಿಸುವ ಈ ಉಪಚಾರ ಬಹುಪಾಲು ಕೂಸುಗಳಿಗೆ ಸಾಕಾಗುತ್ತದೆ ಎಂದೇ ತೋರಿಸಿತು.

ಈ ಲೆಕ್ಕವನ್ನು ನಮ್ಮ ಕಡೆಯ ಬಾಣಂತನದ ಪಂಚಾಂಗದ ಪಕ್ಕದಲ್ಲಿಟ್ಟು ನೋಡಿ. ಚೊಚ್ಚಲ ಹೆರಿಗೆ ತವರುಮನೆಯಲ್ಲಿ. ಮಗಳು ಆಳಂದದವಳು, ಕೊಟ್ಟ ಊರು ಜೇವರ್ಗಿಯ ಕಡೆಯ ಹಳ್ಳಿ ಎಂದಿಟ್ಟುಕೊಳ್ಳೋಣ. ಬಾಣಂತಿಯ ಕೋಣೆ ಮಬ್ಬುಗತ್ತಲೆಯದು. ಕೂಸಿಗೆ ಕುಂಚಿಗೆ ಕಟ್ಟಿ, ಬೆಚ್ಚಗೆ ಸುತ್ತಿ ಮಲಗಿಸಿರುತ್ತಾರೆ. ದಿನವೂ ನೋಡುವ ಕಣ್ಣಿಗೆ ವಾರೆ ಕಾಣುವುದಿಲ್ಲ, ಕಂಡರೂ ಎಳೆಗೋಣು, ಬೆಳೆದಂತೆ ನಿಲ್ಲುತ್ತದೆ ಎಂಬ ಸಮಾಧಾನ ಸಿದ್ಧವಾಗಿರುತ್ತದೆ. ಐದನೆಯ ತಿಂಗಳಲ್ಲಿ ತಾಯಿ ತೊಟ್ಟಿಲು ಸಹಿತ ಗಂಡನ ಮನೆಗೆ ಬಂದಾಗ, ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡ ಅತ್ತೆ ಮೊದಲ ಮಾತಿಗೇ ಕೇಳುತ್ತಾಳೆ: “ಏನವ್ವಾ, ಕೂಸಿನ ಗೋಣು ಹಿಂಗ್ಯಾಕದ?” ಮೊದಲ ತಿಂಗಳ ಸುಲಭದ ಕಾಲ ಅಷ್ಟರಲ್ಲಿ ಕಳೆದುಹೋಗಿರುತ್ತದೆ. ಕೂಸು ಹೆಣ್ಣಾಗಿದ್ದರೆ ಆ ಪ್ರಶ್ನೆಯ ಹಿಂದೆ ಇಪ್ಪತ್ತು ವರ್ಷದ ಮುಂದಿನ ವರಾನ್ವೇಷಣೆಯ ಚಿಂತೆಯೂ ಇಣುಕುತ್ತದೆ.

ಹಾಗಾದರೆ ಮೊದಲ ತಿಂಗಳಲ್ಲಿ ಗುರುತಿಸುವವರು ಯಾರು? ಇಲ್ಲಿ ಒಂದು ಅನುಕೂಲ ನಮಗಿದೆ. 2011ರಿಂದ ನಡೆದುಬಂದಿರುವ ವ್ಯವಸ್ಥೆಯಂತೆ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬಂದು ನೋಡಬೇಕು. ಆಮೇಲೆ 6, 10, 14 ವಾರಗಳ ಲಸಿಕೆಗಳು. ಇಷ್ಟು ಸಲ ತೂಕ ನೋಡುತ್ತಾರೆ, ಜ್ವರ ನೋಡುತ್ತಾರೆ, ಹೊಕ್ಕಳು ನೋಡುತ್ತಾರೆ. ಅದೇ ಹೊತ್ತಿಗೆ ಕುಂಚಿಗೆ ಬಿಚ್ಚಿಸಿ, ಗದ್ದ ಎರಡೂ ಹೆಗಲಿನತ್ತ ಸಮನಾಗಿ ತಿರುಗುತ್ತದೆಯೇ ಎಂದು ನೋಡಲು ಅರ್ಧ ನಿಮಿಷ ಸಾಕು. ಆರೋಗ್ಯವಂತ ಕೂಸಿನ ಗದ್ದ ಹೆಗಲನ್ನು ದಾಟಿ ಇನ್ನಷ್ಟು ಹಿಂದಕ್ಕೆ ಹೋಗಬಲ್ಲುದು. ದೊಡ್ಡವರಾದ ನಮ್ಮ ಕೊರಳಿಗೆ ಅಷ್ಟು ಸಾಧ್ಯವಿಲ್ಲ. ತಾಯಿಗೆ ಇದಕ್ಕಿಂತ ಮುಂಚೆಯೇ ಸುಳಿವು ಸಿಕ್ಕಿರುವುದುಂಟು. ಕೂಸು ಒಂದೇ ಮೊಲೆಯನ್ನು ಸಲೀಸಾಗಿ ಕುಡಿದು ಇನ್ನೊಂದಕ್ಕೆ ಹಚ್ಚಿದರೆ ರಂಪ ಮಾಡುತ್ತದೆ. ಒಂದು ಪಕ್ಕದ ಕೊರಳ ಮಡಿಕೆಯಲ್ಲಿ ಹಾಲು, ಬೆವರು ನಿಂತು ಚರ್ಮ ಕೆಂಪಾಗುತ್ತದೆ. ತಲೆಯ ಹಿಂಭಾಗ ಒಂದು ಕಡೆ ಚಪ್ಪಟೆಯಾಗುತ್ತ ಬರುತ್ತದೆ. ಎಡ ಸ್ನಾಯು ಗಿಡ್ಡವಾದ ಕೂಸು ಬಲಕ್ಕೇ ನೋಡುತ್ತ ಮಲಗುವುದರಿಂದ ಚಪ್ಪಟೆಯಾಗುವುದು ಬಲಗಡೆಯ ಬುರುಡೆ.

ಗುರುತಿಸಿದ ಮೇಲೆ ಮೊದಲ ದಾರಿ ವೈದ್ಯರದು. ಈ ಮಾತನ್ನು ಒತ್ತಿ ಹೇಳುತ್ತೇನೆ. ವಾರೆಯಾದ ಗೋಣುಗಳೆಲ್ಲ ಸ್ನಾಯುವಿನಿಂದಲೇ ಆದವಲ್ಲ. ಕೊರಳ ಮಣಿಗಳು ಹುಟ್ಟಿನಿಂದ ಕೂಡಿಕೊಂಡಿರಬಹುದು. ಕಣ್ಣಿನ ಒಂದು ಸ್ನಾಯು ಸೋತಿದ್ದು, ಒಂದು ವಸ್ತು ಎರಡಾಗಿ ಕಾಣದಿರಲೆಂದು ಕೂಸು ತಾನೇ ತಲೆ ವಾಲಿಸುತ್ತಿರಬಹುದು. ಕುಡಿದ ಹಾಲು ಮೇಲಕ್ಕುಕ್ಕುವ ತೊಂದರೆಯಿರುವ ಕೂಸೂ ಕೊರಳನ್ನು ವಿಚಿತ್ರವಾಗಿ ತಿರುಚುತ್ತದೆ. ಚೆನ್ನಾಗಿದ್ದ ಮಗುವಿನ ಕೊರಳು ಥಟ್ಟನೆ ವಾರೆಯಾಗಿ ಜತೆಗೆ ಜ್ವರ, ವಾಂತಿ, ಮಂಪರು, ಕೈಕಾಲಿನ ಸೋಲು ಕಂಡರೆ ಅದು ಮನೆಯ ಉಪಚಾರದ ಮಾತೇ ಅಲ್ಲ, ಆ ಹೊತ್ತಿಗೇ ಆಸ್ಪತ್ರೆಗೆ ಒಯ್ಯಬೇಕು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕೊರಳ ಮೇಲಿನ ಮಣಿಗಳು ಸಡಿಲವಾಗಿರುವ ಸಂಭವವಿದ್ದು, ಅವರ ಕೊರಳನ್ನು ವೈದ್ಯರ ಅಪ್ಪಣೆಯಿಲ್ಲದೆ ಹಿಗ್ಗಿಸಬಾರದು. ವಾರೆಗೋಣಿನ ಕೂಸುಗಳಲ್ಲಿ ಕೆಲವಕ್ಕೆ ಸೊಂಟದ ಕೀಲು ಸರಿಯಾಗಿ ಕೂತಿರುವುದಿಲ್ಲ. ಆದುದರಿಂದ ಕೊರಳು ತೋರಿಸಲು ಹೋದವರು ಸೊಂಟವನ್ನೂ ತೋರಿಸಿಕೊಂಡೇ ಬರಬೇಕು. ಈ ಸೊಂಟದ ದೋಷ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯ ಪಟ್ಟಿಯಲ್ಲಿದೆ. ವಾರೆಗೋಣಿಗೆ ಅಲ್ಲಿ ಪ್ರತ್ಯೇಕ ಹೆಸರಿಲ್ಲ. ಕೇಳದೆ ಯಾರೂ ಹೇಳಲಾರರು, ಕೇಳಬೇಕು.

ವೈದ್ಯರು ಇದು ಸ್ನಾಯುವಿನದೇ ಎಂದು ನಿಶ್ಚಯಿಸಿ, ಫಿಜಿಯೋಥೆರಪಿ ಬಲ್ಲವರು ಒಮ್ಮೆ ಕೈ ಹಿಡಿದು ತೋರಿಸಿಕೊಟ್ಟ ಮೇಲೆ, ಉಳಿದ ಕೆಲಸವೆಲ್ಲ ಮನೆಯದೇ. ಧ್ವನಿಯಲ್ಲಿ ಚಿತ್ರ ಬರೆಯುವುದು ಕಷ್ಟ, ಆದರೂ ಪ್ರಯತ್ನಿಸುತ್ತೇನೆ. ಎಡ ಸ್ನಾಯು ಗಿಡ್ಡವಾದ ಕೂಸು ಎಂದೇ ಇಟ್ಟುಕೊಂಡು ಹೇಳುತ್ತೇನೆ. ಬಲದ್ದಾದರೆ ಎಡ ಎಂದಲ್ಲಿ ಬಲ, ಬಲ ಎಂದಲ್ಲಿ ಎಡ ಎಂದು ತಿದ್ದಿಕೊಳ್ಳಬೇಕು.

ನೆಲದ ಮೇಲೆ ಕೌದಿ ಹಾಸಿ ಕೂಸನ್ನು ಅಂಗಾತ ಮಲಗಿಸಿ. ಒಂದು ಕೈ ಎದೆ, ಹೆಗಲು ಮೇಲೇಳದಂತೆ ಮೃದುವಾಗಿ ಹಿಡಿದಿರಲಿ. ಇನ್ನೊಂದು ಅಂಗೈ ತಲೆಯ ಹಿಂಭಾಗಕ್ಕೆ ಆಸರೆಯಾಗಲಿ. ಮುಖವನ್ನು ನಿಧಾನವಾಗಿ ಎಡಕ್ಕೆ, ಗದ್ದ ಎಡಹೆಗಲಿನತ್ತ ಬರುವಂತೆ ತಿರುಗಿಸಿ. ಎಲ್ಲಿ ತುಸು ತಡೆ ಕೈಗೆ ತಿಳಿಯುತ್ತದೆಯೋ ಅಲ್ಲಿ ನಿಲ್ಲಿ. ಹತ್ತರಿಂದ ಮೂವತ್ತು ಸೆಕೆಂಡು ಅಲ್ಲಿಯೇ ಹಿಡಿದು, ಬಂದಷ್ಟೇ ನಿಧಾನವಾಗಿ ನಡುವಿಗೆ ತನ್ನಿ. ಇದು ಒಂದು. ಎರಡನೆಯದರಲ್ಲಿ ಮುಖ ಮಾಡಿನತ್ತ ನೆಟ್ಟಗಿರಬೇಕು. ಒಂದು ಕೈ ಎಡಹೆಗಲನ್ನು ಕೆಳಗೆ ಹಿಡಿದಿರುತ್ತದೆ. ಇನ್ನೊಂದು ಕೈ ತಲೆಯನ್ನು ಬಲಕ್ಕೆ, ಬಲಗಿವಿ ಬಲಹೆಗಲಿನ ಹತ್ತಿರ ಬರುವಂತೆ ಬಾಗಿಸುತ್ತದೆ. ಹಿಡಿಯುವ ಹೊತ್ತು ಮೊದಲಿನಷ್ಟೇ. ಸ್ನಾಯು ಎರಡು ಕೆಲಸ ಮಾಡುತ್ತದೆ ಎಂದೆನಲ್ಲ, ಹಿಗ್ಗಿಸುವುದೂ ಎರಡು ಬಗೆಯಾದುದು ಅದಕ್ಕೇ. ಎಷ್ಟು ಸಲ ಎಂಬುದನ್ನು ಕಲಿಸಿದವರು ಹೇಳುತ್ತಾರೆ. ಒಂದೇ ಸಲಕ್ಕೆ ಬಹಳ ಹೊತ್ತು ಮಾಡುವುದಕ್ಕಿಂತ ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಹಲವು ಬಾರಿ ಮಾಡುವುದು ಮೇಲು. ಒದ್ದೆಬಟ್ಟೆ ಬದಲಿಸಿದಾಗಲೆಲ್ಲ ಒಂದೆರಡು ಸಲ ಎಂದು ರೂಢಿ ಮಾಡಿಕೊಂಡರೆ ಮರೆವಿಗೆ ಎಡೆಯಿಲ್ಲ. ಹಾಲು ಕುಡಿದ ಕೂಡಲೇ ಮಾತ್ರ ಬೇಡ, ಕಾರಿಕೊಳ್ಳುತ್ತದೆ. ಕೂಸು ಗಟ್ಟಿಯಾಗಿ ಅತ್ತರೆ, ಕೊರಳು ಬಿಗಿ ಹಿಡಿದು ಎದುರು ನೂಕಿದರೆ ಬಿಟ್ಟುಬಿಡಬೇಕು. ಮುಖದ ಬಣ್ಣ ಬದಲಾದರೆ, ಉಸಿರು ಕಟ್ಟಿದಂತಾದರೆ ಅಂದಿಗೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ಇಲ್ಲಿ ಮನೆಯ ಆಯಿಯ ಮಾತು ಬರುತ್ತದೆ. ಕೂಸಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಹಾಕಿಕೊಂಡು, ಬಿಸಿನೀರು ಎರೆಯುವ ಅಧಿಕಾರ ನಮ್ಮಲ್ಲಿ ಅವಳದು. ಎರೆದ ಮೇಲೆ ಕೈಕಾಲು ಎಳೆದು, ಮೂಗು ತೀಡಿ, ತಲೆ ದುಂಡಗೆ ಮಾಡಿ, ಕೆಲವು ಕಡೆ ಗದ್ದ ಹಿಡಿದು ಕೊರಳನ್ನೂ ಜಗ್ಗುತ್ತಾರೆ. ಈ ಜಗ್ಗುವುದು ಎಂಬುದೇ ಅಪಾಯದ ಮಾತು. ಥಟ್ಟನೆ ಜಗ್ಗಿದರೆ ಬಿಗಿದ ಸ್ನಾಯು ಇನ್ನೂ ಬಿಗಿಯುತ್ತದೆ, ಎಳೆಗಳು ಹರಿಯಲೂಬಹುದು. ಹಿಗ್ಗಿಸುವುದು ಬೇರೆ. ಅದರಲ್ಲಿ ಬಲಕ್ಕಿಂತ ಕಾಯುವಿಕೆ ಹೆಚ್ಚು. ಆದರೆ ಇದನ್ನು ಹೇಳುವ ಬಗೆಯಲ್ಲಿ ನಮ್ಮ ವಿದ್ಯಾವಂತರು ತಪ್ಪುತ್ತಾರೆಂದು ನನ್ನ ಭಾವನೆ. ಎರೆಯುವುದೇ ಬೇಡ, ಮುಟ್ಟಲೇ ಬೇಡಿ ಎಂದು ಗದರಿಸಿದರೆ ಆಯಿ ಮುನಿಸಿಕೊಂಡು, ಯಾರೂ ಇಲ್ಲದಾಗ ತನ್ನ ಪದ್ಧತಿಯನ್ನೇ ಮಾಡುತ್ತಾಳೆ. ಬಿಸಿನೀರಿನಿಂದ ಸ್ನಾಯು ಸಡಿಲಾಗಿ, ಕೂಸು ಹಗುರಾಗಿ ಮಲಗಿರುವ ಆ ಹೊತ್ತು ಹಿಗ್ಗಿಸುವುದಕ್ಕೆ ದಿನದಲ್ಲೇ ಅತ್ಯುತ್ತಮವಾದ ಹೊತ್ತು. ನೂರಾರು ಕೂಸುಗಳನ್ನು ಎತ್ತಿ ಆಡಿಸಿದ ಅವಳ ಕೈಯಷ್ಟು ಅಂಜದ ಕೈ ಮನೆಯಲ್ಲಿ ಇನ್ನೊಂದಿಲ್ಲ. “ಆಯಿ, ಜಗ್ಗಬ್ಯಾಡ್ರಿ, ಸಾವಕಾಶ ತಿರುಗಿಸಿ ಹಿಡೀರಿ, ನಾ ಎಣಸ್ತೀನಿ” ಎಂದು ಮೊಮ್ಮಗಳು ಪಕ್ಕದಲ್ಲಿ ಕೂತು ಎಣಿಸಿದರೆ ಕೆಲಸ ಸಲೀಸಾಗುತ್ತದೆ. ಕಲಿಯಲು ಹೋಗುವಾಗ ಆಯಿಯನ್ನೇ ಕರೆದೊಯ್ಯುವುದು ಇನ್ನೂ ಲೇಸು. ಕೂಸು ದೊಡ್ಡದಾಗಿ ಕೊಸರಾಡತೊಡಗಿದಾಗ ಒಬ್ಬರು ಹೆಗಲು ಹಿಡಿಯಲು, ಒಬ್ಬರು ತಲೆ ತಿರುಗಿಸಲು ಹೇಗೂ ಇಬ್ಬರು ಬೇಕಾಗುತ್ತದೆ.

ದಿನದ ಉಳಿದ ಹೊತ್ತು? ಕೂಸೇ ತನ್ನ ಉಪಚಾರ ಮಾಡಿಕೊಳ್ಳುವಂತೆ ಮನೆಯನ್ನು ಅಣಿಗೊಳಿಸಬಹುದು. ಕೂಸು ಬೆಳಕಿನತ್ತ, ಮನುಷ್ಯರ ಮುಖದತ್ತ ತಿರುಗುತ್ತದೆ. ಬಲಕ್ಕೇ ನೋಡುವ ಕೂಸಿನ ತೊಟ್ಟಿಲನ್ನು ಅದರ ಬಲಕ್ಕೆ ಬರಿಯ ಗೋಡೆ, ಎಡಕ್ಕೆ ಬೆಳಕಿಂಡಿ, ಬಾಗಿಲು, ಓಡಾಡುವ ಜನ ಬರುವಂತೆ ತಿರುಗಿಸಿ ಇಡಿ. ಮಾತನಾಡಿಸುವವರು, ಗಿಲಕಿ ಆಡಿಸುವವರು ಎಡಗಡೆಯಿಂದಲೇ ಬರಲಿ. ಹೊಲದ ಬೇವಿನ ಮರಕ್ಕೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸುವುದು ತೊಗರಿಯ ಸುಗ್ಗಿಯಲ್ಲಿ ಅನಿವಾರ್ಯವಿರಬಹುದು. ಆದರೆ ಜೋಳಿಗೆಯಲ್ಲಿ ಕೊರಳು ಮಡಚಿಕೊಂಡು ತಲೆ ಅಲುಗಲು ಎಡೆಯಿರುವುದಿಲ್ಲ, ಆದಷ್ಟು ಕಡಿಮೆ ಮಾಡಬೇಕು. ಎಚ್ಚರವಿದ್ದಾಗ, ಕಣ್ಣೆದುರಿನಲ್ಲೇ, ಕೂಸನ್ನು ಬೋರಲು ಹಾಕಬೇಕು. ನೆಲಕ್ಕೆ ಹೊಟ್ಟೆ ಹಚ್ಚಿದ ಕೂಸು ತಲೆಯೆತ್ತಿ ಸುತ್ತ ನೋಡುವ ಆಸೆಯಲ್ಲಿ ಎರಡೂ ಕಡೆಯ ಸ್ನಾಯುಗಳನ್ನು ದುಡಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ದಿನಕ್ಕೆ ಒಟ್ಟು 30 ನಿಮಿಷವಾದರೂ ಹೀಗಿರಲಿ ಎಂದಿದೆ. ನಿದ್ದೆಗೆ ಮಾತ್ರ ಅಂಗಾತವೇ ಸರಿ. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬು, ಬಟ್ಟೆಯ ಸಿಂಬಿ ಇವು ಉಸಿರಿಗೆ ತೊಡಕಾಗಬಲ್ಲವು, ಮಲಗಿದ ಕೂಸಿನ ಬಳಿ ಇವು ಬೇಡ.

ಎತ್ತಿಕೊಳ್ಳುವುದರಲ್ಲೂ ಒಂದು ಉಪಾಯವುಂಟು. ಕೂಸಿನ ಬೆನ್ನು ನಮ್ಮ ಎದೆಗೆ ಹತ್ತಿ, ಅದರ ಎಡಮಗ್ಗುಲು ಕೆಳಗಾಗುವಂತೆ ಅಡ್ಡಡ್ಡ ಎತ್ತಿಕೊಳ್ಳಿ. ನಮ್ಮ ಎಡ ಮುಂಗೈ ಅದರ ಎಡಗಿವಿಗೂ ಎಡಹೆಗಲಿಗೂ ನಡುವೆ ಇರಲಿ, ಇನ್ನೊಂದು ಕೈ ತೊಡೆಗಳ ನಡುವಿನಿಂದ ಮೈಯನ್ನು ಆತುಕೊಳ್ಳಲಿ. ಹೀಗೆ ಅಂಗಳದಲ್ಲಿ ಕೋಳಿ, ಕರು ತೋರಿಸುತ್ತ ತಿರುಗಾಡಿದರೆ ಕೂಸಿಗೆ ಆಟ, ಸ್ನಾಯುವಿಗೆ ಹಿಗ್ಗು. ನಾಲ್ಕು ತಿಂಗಳು ದಾಟಿ ಕೊರಳು ನಿಂತ ಮೇಲೆ ಕನ್ನಡಿಯ ಮುಂದೆ ಕೂಸನ್ನು ನೆಟ್ಟಗೆ ಹಿಡಿದು ಮೈಯನ್ನು ಮೆಲ್ಲಗೆ ಎಡಕ್ಕೆ ವಾಲಿಸಿದರೆ, ಅದು ತನ್ನ ತಲೆಯನ್ನು ಬಲಕ್ಕೆತ್ತಿ ನೆಟ್ಟಗೆ ಮಾಡಿಕೊಳ್ಳಲು ನೋಡುತ್ತದೆ. ಸೋತು ಕುಳಿತಿದ್ದ ಬಲಗಡೆಯ ಸ್ನಾಯುವಿಗೆ ಅದೇ ಸಾಮು.

ಆಳಂದ, ಜೇವರ್ಗಿಗಳಿಂದ ಕಲಬುರಗಿ ಸುಮಾರು 40 ಕಿಲೋಮೀಟರು. ಅಫಜಲಪುರದಿಂದ ಇನ್ನೂ ದೂರ. ವಾರಕ್ಕೆರಡು ಸಲ ಕೂಸನ್ನೆತ್ತಿಕೊಂಡು ಬಸ್ಸು ಹತ್ತುವುದು ಕೂಲಿ ಮಾಡುವವರಿಗೆ ಆಗುವ ಮಾತಲ್ಲ. ಸುಗ್ಗಿ ಮುಗಿದೊಡನೆ ಮುಂಬಯಿಗೋ ಪುಣೆಗೋ ದುಡಿಯಲು ಹೋಗುವ ಕುಟುಂಬಗಳು ಈ ಮೂರೂ ತಾಲ್ಲೂಕುಗಳಲ್ಲಿವೆ. ಅಂಥವರು ಹೋಗುವ ಮೊದಲು, ಎಡವೋ ಬಲವೋ ಎಂಬುದನ್ನು ತಾಯಿ ಕಾರ್ಡಿನ ಮೇಲೆ ವೈದ್ಯರಿಂದಲೇ ಬರೆಸಿಕೊಳ್ಳಬೇಕು. ಕೂಸಿನ ಎಡವನ್ನು ಎದುರಿಗೆ ಕೂತವರ ಎಡವೆಂದು ತಿಳಿದು ತಿಂಗಳುಗಟ್ಟಲೆ ತಿರುಗುಮುರುಗಾಗಿ ಹಿಗ್ಗಿಸುವ ಅಪಾಯ ಕಡಿಮೆಯದೇನಲ್ಲ. ಹಿಗ್ಗಿಸಬೇಕಾದ ಪಕ್ಕದ ಕೈಗೆ ಕರಿದಾರ ಹೇಗೂ ಕಟ್ಟುತ್ತೀರಲ್ಲ, ದೃಷ್ಟಿಗೆಂದು ಕಟ್ಟುವ ಆ ದಾರವನ್ನೇ ಗುರುತಾಗಿ, ಸಡಿಲವಾಗಿ, ಕಟ್ಟಿಕೊಂಡರಾಯಿತು.

ಆರು ತಿಂಗಳು ತಪ್ಪದೆ ಮಾಡಿದರೂ ಹೆಚ್ಚಿನ ಸುಧಾರಣೆ ಕಾಣದ ಕೆಲವೇ ಕೂಸುಗಳಿಗೆ, ಸಾಮಾನ್ಯವಾಗಿ ಒಂದು ವರ್ಷ ತುಂಬಿದ ಮೇಲೆ, ಬಿಗಿದ ಹುರಿಯನ್ನು ಸಡಿಲಿಸುವ ಸಣ್ಣ ಶಸ್ತ್ರಚಿಕಿತ್ಸೆ ಉಂಟು. ಅದಾದ ಮೇಲೂ ಹಿಗ್ಗಿಸುವುದು ತಪ್ಪಿದ್ದಲ್ಲ. ಬಿಟ್ಟೇ ಬಿಟ್ಟರೆ ವರ್ಷ ಕಳೆದಂತೆ ಮುಖದ ಒಂದು ಪಕ್ಕ ಚಿಕ್ಕದಾಗಿ ಬೆಳೆದು, ಕಣ್ಣು ಕಿವಿಗಳ ಮಟ್ಟ ತಪ್ಪುತ್ತದೆ. ಆಮೇಲೆ ಕೊರಳನ್ನು ನೆಟ್ಟಗೆ ಮಾಡಿದರೂ ಮುಖ ಪೂರ್ತಿ ಸಮನಾಗುವುದು ಕಷ್ಟ.

ಸರಿಹೋದ ಕೂಸುಗಳ ಬಗ್ಗೆ ಒಂದು ಸೂಚನೆ ಉಳಿದಿದೆ. ಎರಡೂ ಕಡೆಯ ತಿರುಗುವಿಕೆಯಲ್ಲಿ ಐದು ಡಿಗ್ರಿಗಿಂತ ಹೆಚ್ಚಿನ ವ್ಯತ್ಯಾಸ ಉಳಿಯದಿದ್ದರೆ, ಕೂಸು ತಾನಾಗಿ ತಲೆಯನ್ನು ನಡುವಿನಲ್ಲಿ ನಿಲ್ಲಿಸುತ್ತಿದ್ದರೆ ಉಪಚಾರ ನಿಲ್ಲಿಸಲು ವೈದ್ಯರು ಹೇಳುತ್ತಾರೆ. ಆಮೇಲೂ ನೆಗಡಿ ಜ್ವರ ಬಂದಾಗ, ಹಲ್ಲು ಹುಟ್ಟುವಾಗ, ದಣಿದಾಗ ತಲೆ ಹಳೆಯ ಕಡೆಗೆ ನಾಲ್ಕು ದಿನ ವಾಲುವುದುಂಟು. ಗಾಬರಿಯಾಗಬೇಕಿಲ್ಲ, ಮತ್ತೆ ನೆಟ್ಟಗಾಗುತ್ತದೆ. ಆದರೆ ಗೋಡೆ ಹಿಡಿದು ನಿಂತ ಕೂಸು ಕೈಬಿಟ್ಟು ಹೆಜ್ಜೆಯಿಡುವ ಹೊತ್ತಿಗೆ ಮೈಯ ಸಮತೋಲವೆಲ್ಲ ಹೊಸದಾಗಿ ಹೊಂದಿಕೊಳ್ಳುತ್ತಿರುತ್ತದೆ. ಆಗ ತಪ್ಪದೆ ಇನ್ನೊಮ್ಮೆ ವೈದ್ಯರಿಗೆ ತೋರಿಸಿಕೊಂಡು ಬರಬೇಕು.